ಸಣ್ಣ ತಲೆಯ ಸ್ವರಗಳು

ಶವಪೆಟ್ಟಿಗೆಯ ಮುಚ್ಚಳದ ಎರಡನೆಯ ತಿರುಪು ಅರ್ಧ ಬಿಚ್ಚಿ ಬಂದಿತ್ತು. ಅಷ್ಟರಲ್ಲಿ ಮಗಳು ಹಿಂದಿನಿಂದ ಬಂದು ಅವನ ಮುಂಗೈ ಹಿಡಿದಳು.

"ಅಪ್ಪ, ಬಿಡು."

"ಒಂದೇ ಒಂದು ಸಲ ಕಣೇ. ನೋಡಿ ಮುಚ್ಚಿಬಿಡ್ತೀನಿ."

"ಬೆಳಗಿನಿಂದ ನೋಡ್ತಾನೇ ಇದ್ದೀಯಲ್ಲ. ಬಿಗಿದ ಮೇಲೆ ಬಿಚ್ಚಬೇಡಿ ಅಂತ ಪೆಟ್ಟಿಗೆಯವರು ಹೇಳಿ ಹೋಗಿದಾರೆ. ಕೊಡು ಅದನ್ನ."

ತಿರುಪುಳಿ ಕೊಟ್ಟ. ಅವಳು ತಾನೇ ಬಗ್ಗಿ, ಮೂಗು ಒರೆಸಿಕೊಳ್ಳುತ್ತಾ, ಬಿಚ್ಚಿದ್ದನ್ನೆಲ್ಲ ಮತ್ತೆ ಬಿಗಿದಳು. ಅಮ್ಮನ ಮುಖ ನೋಡುವ ಹಂಬಲಕ್ಕೆ ಅಪ್ಪ ಹೀಗೆ ಮಾಡುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಯಲಿ ಎಂದು ಅವನೂ ಸುಮ್ಮನಿದ್ದ. ಹೆಂಡತಿಯ ಮುಖ ಅವನಿಗೆ ಕಣ್ಣು ಮುಚ್ಚಿದರೂ ಸಿಗುತ್ತಿತ್ತು. ಸಿಗದೆ ಹೋದದ್ದು ಅವಳ ಕೈಯ ಕೆಳಗಿದ್ದ ಕಾಗದ.

ಅವನು ಬಚ್ಚಲಲ್ಲಿ ಗಡ್ಡ ಕೆರೆಯುತ್ತಿದ್ದಾಗ ಆದ ಕೆಲಸ ಅದು. ಅಮ್ಮ ಹಾಸಿಗೆಯಲ್ಲಿ ಕೂತು ಕೊನೆಯದಾಗಿ ಬರೆದ ಸ್ವರದ ಹಾಳೆ ಅವಳ ಜೊತೆಗೇ ಹೋಗಲಿ ಎಂದು ಮಗಳು ಅದನ್ನು ಮಡಚಿ, ಜೋಡಿಸಿದ್ದ ಎರಡು ಕೈಗಳ ಕೆಳಗೆ ಇಟ್ಟಿದ್ದಳು. ಪೆಟ್ಟಿಗೆಯವರು ಮುಚ್ಚಳ ಹಾಕಿ ಹೋದ ಮೇಲೆ ಹೇಳಿದಳು. ಹೇಳುವಾಗ ಅವಳಿಗೆ ಅಳುವಿನ ನಡುವೆಯೂ ಒಂದು ಸಮಾಧಾನ ಇತ್ತು. ಹೇಗೂ ನಿನಗೆ ಅಚ್ಚು ಹಾಕಿದ ಹೊಸ ಪ್ರತಿ ಬಂದಿದೆಯಲ್ಲಪ್ಪ ಎಂದೂ ಸೇರಿಸಿದಳು. ಅವನು ಹೌದೆಂದ. ಅವಳು ಅತ್ತ ಹೋದ ಮೇಲೆ ತಿರುಪುಳಿ ಹುಡುಕಿ ತಂದ.

ಅವನ ಕಸುಬು ಬಸೂನ್ ಊದುವುದು. ಆಳೆತ್ತರಕ್ಕೂ ಮಿಕ್ಕ ಮರದ ಕೊಳವೆಯನ್ನು ನಡುವೆ ಮಡಚಿ ನಿಲ್ಲಿಸಿದಂಥ ವಾದ್ಯ. ಶೀತ ಹಿಡಿದ ಅಜ್ಜನೊಬ್ಬ ಗೋಡೆಯಾಚೆ ಕೂತು ಯಾರಿಗೋ ಬುದ್ಧಿ ಹೇಳಿದ ಹಾಗೆ ಅದರ ದನಿ. ತಲೆ ನರೆಯುವ ತನಕ ನಾಟಕಶಾಲೆಯ ವಾದ್ಯವೃಂದದಲ್ಲಿ ಊದಿದ್ದ. ನಿವೃತ್ತಿಯಾದ ಮೇಲೆ ಹಳೆಯ ಗೆಳೆಯರೇ ಸೇರಿ ಕಟ್ಟಿಕೊಂಡ ಪುಟ್ಟ ಮೇಳ: ಕೊಳಲು, ಓಬೋ, ಕ್ಲಾರಿನೆಟ್, ಹಾರ್ನ್, ಇವನ ಬಸೂನ್, ಊದುವವರ ನಡುವೆ ಉಜ್ಜುವವಳೊಬ್ಬಳಿರಲಿ ಎಂದು ಒಂದು ಚೆಲೋ. ಹೆಂಡತಿ ಅದೇ ನಾಟಕಶಾಲೆಯ ನೆಲಮಾಳಿಗೆಯಲ್ಲಿ ಸ್ವರದ ಹಾಳೆ ನಕಲು ಮಾಡುತ್ತಿದ್ದವಳು. ಎಲ್ಲ ವಾದ್ಯಗಳ ಸ್ವರವೂ ಒಂದರ ಕೆಳಗೊಂದು ಇರುವ ದೊಡ್ಡ ಪ್ರತಿಯಿಂದ ಕೊಳಲಿನವರಿಗೆ ಕೊಳಲಿನಷ್ಟು, ಹಾರ್ನಿನವರಿಗೆ ಹಾರ್ನಿನಷ್ಟು ಹೆಕ್ಕಿ ಬಿಡಿ ಪ್ರತಿ ಬರೆದು ಕೊಡಬೇಕು. ದೊಡ್ಡ ಪ್ರತಿ ಊರಿನ ನಕ್ಷೆಯಿದ್ದ ಹಾಗೆ, ಬಿಡಿ ಪ್ರತಿ ನಿಮ್ಮ ಮನೆಗೆ ಹೋಗುವ ದಾರಿಯಷ್ಟೇ ಎಂದು ಅವಳು ಹೇಳುವುದಿತ್ತು.

ಮೇಳದಲ್ಲಿ ಅವನಿಗೆ ಗಡಿಯಾರ ಎಂದು ಅಡ್ಡಹೆಸರು. ಎಷ್ಟೇ ಉದ್ದದ ಮೌನವಿರಲಿ, ಮುಗಿದ ಕ್ಷಣಕ್ಕೆ ಸರಿಯಾಗಿ ಬರುತ್ತಾನೆ, ಒಂದು ಉಸಿರು ಹಿಂದಿಲ್ಲ, ಒಂದು ಉಸಿರು ಮುಂದಿಲ್ಲ. ಓಬೋದವನು ಹೊಸಬರ ಮುಂದೆಲ್ಲ ಹೇಳುತ್ತಿದ್ದ: ನಿಮ್ಮ ಕೈಗಡಿಯಾರ ಕೆಟ್ಟರೆ ಇವನಿಗೆ ಒಂದು ಬಸೂನ್ ಕೊಟ್ಟು ಕೂರಿಸಿ.

ಅವನಿಗೆ ಎಣಿಸಲು ಬರುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲಿ ಒಬ್ಬಳು ಈಗ ತಿರುಪು ಬಿಗಿದ ಮುಚ್ಚಳದ ಕೆಳಗಿದ್ದಳು.

*

ಅವನು ಕಲಿತದ್ದು ಬ್ಯಾಂಡಿನಲ್ಲಿದ್ದ ಸೋದರಮಾವನ ತೊಡೆಯ ಪಕ್ಕ ಕೂತು, ಕಿವಿಯಿಂದ. ಓದುವುದನ್ನು ಆಮೇಲೆ ಹೇಗೋ ಕಲಿತ. ಊದುವಾಗ ತಪ್ಪಿದವನಲ್ಲ. ಸುಮ್ಮನಿರುವಾಗ ತಪ್ಪುತ್ತಿದ್ದ. ಸ್ವರದ ಹಾಳೆಯೆಂದರೆ ಐದು ಗೆರೆಗಳನ್ನು ಅಡ್ಡಗೆರೆಗಳಿಂದ ಕತ್ತರಿಸಿದ ಮನೆಗಳು. ಖಾಲಿ ಮನೆ ಬಂದರೆ ಸುಮ್ಮನಿರಬೇಕು, ಸುಮ್ಮನಿದ್ದು ಎಣಿಸಬೇಕು. ಎಣಿಸಹೊರಟರೆ ಅವನ ಕಿವಿ ಕೊಳಲಿನ ಹಿಂದೆ ಹೋಗಿಬಿಡುತ್ತಿತ್ತು. ಸಂತೆಗೆ ಹೋದ ಮಗುವಿನ ಹಾಗೆ ಅಲ್ಲೆಲ್ಲೋ ಬಾಯಿಬಿಟ್ಟುಕೊಂಡು ನಿಂತಿರುತ್ತಿತ್ತು. ನಾಟಕಶಾಲೆಗೆ ಸೇರಿದ ಮೊದಲ ವಾರದಲ್ಲೇ ಎಲ್ಲರೂ ಉಸಿರು ಬಿಗಿಹಿಡಿದಿದ್ದ ಕಡೆ ಒಬ್ಬನೇ ಭೋಂ ಎಂದ. ಮೇಳ ನಡೆಸುವವರು ಕೋಲು ಕೆಳಗಿಟ್ಟು, ಹಡಗು ಹೊರಟಿತೇನಪ್ಪ ಎಂದು ಕೇಳಿದರು. ಇನ್ನೊಂದು ಸಲ ಹೀಗಾದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕೆಂದು ನಗುತ್ತಲೇ ಹೇಳಿದರು.

ಮಾರನೆಯ ದಿನ ಅವನ ಹಾಳೆಯಲ್ಲಿ ಖಾಲಿ ಮನೆಗಳು ಇರಲಿಲ್ಲ. ಅಲ್ಲೆಲ್ಲ ಸಾಸಿವೆ ಗಾತ್ರದ ಸಣ್ಣ ತಲೆಯ ಸ್ವರಗಳು. ಮೇಲೆ 'ಕೊಳಲು' ಎಂದು, ಮುಂದೆ 'ಓಬೋ' ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಅವು ಊದುವುದಕ್ಕಲ್ಲ, ಕೇಳುವುದಕ್ಕೆ. ಅವರು ಅಲ್ಲಿದ್ದಾರೆ, ನೀನು ಇಲ್ಲಿದ್ದೀಯ, ಇನ್ನು ಸ್ವಲ್ಪ ತಡಿ, ಈಗ ಬಾ ಎಂದು ಯಾರೋ ಕೈ ಹಿಡಿದು ರಸ್ತೆ ದಾಟಿಸಿದ ಹಾಗೆ.

ಅವನು ನೆಲಮಾಳಿಗೆಗೆ ಇಳಿದು ಹೋದ. ಇಳಿಜಾರು ಮೇಜು, ಒಂದೇ ಎಳೆತಕ್ಕೆ ಐದು ಗೆರೆ ಎಳೆಯುವ ಐದು ಮೂತಿಯ ಲೇಖನಿ, ತಪ್ಪಾದ ಸ್ವರ ಹೆರೆದು ತೆಗೆಯುವ ಬ್ಲೇಡು. ಬೆರಳೆಲ್ಲ ಮಸಿಯಾದ ಹುಡುಗಿ ತಲೆಯೆತ್ತದೆ ಒಣಗಿದ ಹಾಳೆಗಳನ್ನು ಜೋಡಿಸುತ್ತಿದ್ದಳು.

"ಇದನ್ನ ನೀವೇ ಬರೆದದ್ದಾ?"

"ಯಾಕೆ, ತಪ್ಪಿದೆಯಾ?"

"ತಪ್ಪಿಲ್ಲ. ಇಷ್ಟೊಂದು ಸಣ್ಣ ಸ್ವರ... ನನಗೊಬ್ಬನಿಗೇನಾ?"

"ಎಲ್ಲರಿಗೂ ಹಾಕ್ತೀವಿ," ಎಂದಳು. "ನಿಮ್ಮ ಹಾಳೆ ನೀವು ನೋಡಿಕೊಳ್ಳಿ. ಪಕ್ಕದ ಎಲೆ ನೋಡೋದು ಊಟಕ್ಕೆ ಕೂತಾಗಲೂ ಮರ್ಯಾದೆಯಲ್ಲ."

ಆ ಮಾತಿಗೆ ನಕ್ಕವನು ಮದುವೆಯಾಗುವ ತನಕ ನಗುತ್ತಲೇ ಇದ್ದ. ಪಕ್ಕದ ಹಾಳೆಯನ್ನು ನೋಡಲೂ ಇಲ್ಲ. ವೇದಿಕೆಯ ಕೆಳಗೆ ವಾದ್ಯದವರು ಕೂರುವ ಹಳ್ಳದ ಕತ್ತಲೆಯಲ್ಲಿ ಅವರವರ ದೀಪ ಅವರವರ ಹಾಳೆಗಷ್ಟೇ.

*

ಶವ ಸಾಗಿಸುವ ಗಾಡಿಯ ಹಿಂದೆ ಕ್ಲಾರಿನೆಟ್ಟಿನವನ ಕಾರು. ಮೇಳದಲ್ಲಿ ಅವನೇ ಇವನಿಗೆ ಎಲ್ಲರಿಗಿಂತ ಹಳೆಯ ಗೆಳೆಯ. ಕಾರಿನ ತುಂಬ ವಾದ್ಯದ ಪೆಟ್ಟಿಗೆಗಳು. ಇವನು ಬಸೂನನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಅಚ್ಚಿನ ಪ್ರತಿಯನ್ನು ಬಿಚ್ಚಿ ಹಿಡಿದಿದ್ದ. ಮೇಳದ ಯಜಮಾನಿಕೆ ಮಾಡುವ ಕೊಳಲಮ್ಮ ಅದನ್ನು ದೊಡ್ಡ ಪ್ರತಿಯಿಂದ ಕಂಪ್ಯೂಟರಿನಲ್ಲಿ ತೆಗೆಸಿ ಎಲ್ಲರಿಗೂ ಹಂಚಿದ್ದಳು. ಪಾಪ, ಅವಳ ತಪ್ಪೇನಿಲ್ಲ. ಕೈ ನಡುಗಲು ಶುರುವಾದ ಮೇಲೆ ಹೆಂಡತಿಯ ಬರಹ ಇರುವೆ ಹರಿದ ಹಾಗಾಗಿತ್ತು.

ಅಚ್ಚಿನ ಪ್ರತಿ ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟವಾಗಿತ್ತು. ಮೊದಲ ಪುಟದಲ್ಲಿ ಅವನಿಗೆ ಒಂದಿಷ್ಟು ಕೆಲಸ. ಎರಡನೆಯ ಪುಟಕ್ಕೆ ಬಂದರೆ ಒಂದು ದಪ್ಪ ಅಡ್ಡಪಟ್ಟಿ, ಅದರ ನೆತ್ತಿಯ ಮೇಲೊಂದು ಅಂಕಿ. ಅಷ್ಟು ಮನೆ ಸುಮ್ಮನಿರು ಎಂದರ್ಥ. ಪಟ್ಟಿಯಾಚೆಗೆ ಆ ಸಾಲು. ಬಸೂನ್ ಒಂದೇ ನುಡಿಸಬೇಕು. ಉಳಿದವರು ನಿಧಾನವಾಗಿ ಒಬ್ಬೊಬ್ಬರೇ ಇಳಿದು ಹೋಗಿ, ಇವನು ಬರಲೆಂದು ಜಾಗ ಬಿಟ್ಟಿರುತ್ತಾರೆ. ಬರದಿದ್ದರೆ ಹಾಡು ಅಲ್ಲೇ ನಿಂತ ಹಾಗೆ. ಅವಸರದಿಂದ ಬಂದರೆ ಅವಳ ಪೆಟ್ಟಿಗೆಯ ಮುಂದೆ ಇನ್ನೊಂದು ಹಡಗು ಹೊರಟ ಹಾಗೆ.

ಅವನು ಬೆರಳು ಮಡಚಿ ಎಣಿಸಿ ನೋಡಿದ. ತಿರುವಿನಲ್ಲಿ ಕಾರು ಕುಲುಕಿತು, ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದ. ಮುಂದಿನ ಗಾಡಿಯ ಹಿಂಬಾಗಿಲ ಗಾಜಿನಲ್ಲಿ ಹೂವಿನ ತುದಿಗಳು ಅಲುಗುತ್ತಿದ್ದವು. ಅವುಗಳನ್ನು ನೋಡುತ್ತಾ ಎಲ್ಲಿದ್ದೆನೆಂದು ಮರೆತ.

"ಓದಿದ್ದು ಸಾಕು ಕಣೋ," ಎಂದ ಕ್ಲಾರಿನೆಟ್ಟಿನವನು. "ಗಡಿಯಾರಕ್ಕೆ ಯಾರಾದರೂ ಪಾಠ ಹೇಳ್ತಾರಾ?"

ಹೇಳಿಬಿಡಲೇ ಎನಿಸಿತು. ಬಿಸಿ ತುಪ್ಪದಂಥ ಮಾತು, ಉಗುಳಲೂ ಆಗದು ನುಂಗಲೂ ಆಗದು. ಒಂದು ಸಲ ಕಣ್ಣಲ್ಲಿ ಸನ್ನೆ ಮಾಡು ಅಂದರೆ ಸಾಕಿತ್ತು. ಆದರೆ ಒಂದು ಆಯುಷ್ಯದ ಹೆಸರು ಆ ಒಂದು ಸನ್ನೆಗೆ ಕಳಚಿ ಬೀಳುತ್ತದೆ. ಅವಳ ಹೆಸರೂ ಬೀಳುತ್ತದೆ: ಗಂಡನ ಹಾಳೆ ತಿದ್ದಿ ತಿದ್ದಿ ಸಾಕಿದವಳು ಎಂದು.

"ಕೈ ನಡುಗ್ತಿದೆ," ಎಂದಷ್ಟೇ ಹೇಳಿದ.

"ನಡುಗಲಿ ಬಿಡು. ನಾವಿದ್ದೀವಲ್ಲ."

ಸಾವಿನ ಮನೆಯಲ್ಲಿ ಎಲ್ಲರೂ ಹೇಳುವ ಮಾತು ಅದು. ಇವನು ಅದಕ್ಕೆ ಕಿವಿಗೊಡಲಿಲ್ಲ.

*

ಕೊನೆಯ ತಿಂಗಳು ಅವಳು ಹಾಸಿಗೆಯಲ್ಲೇ ದಿಂಬಿಗೆ ಒರಗಿ, ತೊಡೆಯ ಮೇಲೆ ರೊಟ್ಟಿ ಲಟ್ಟಿಸುವ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದಳು. ಉಳಿದವರ ಬಿಡಿ ಪ್ರತಿಗಳನ್ನು, ಕ್ಲಾರಿನೆಟ್ಟಿನದರಿಂದ ಶುರುಮಾಡಿ, ಚಳಿಗಾಲದಲ್ಲೇ ಮುಗಿಸಿ ಕಳಿಸಿಯಾಗಿತ್ತು. ಅವನದು ಯಾವಾಗಲೂ ಕೊನೆಗೆ. ಸಣ್ಣ ಸ್ವರಗಳಿಗೆ ಸಣ್ಣ ಮೊನೆ ಬೇಕು, ಹೊತ್ತು ಬೇಕು. ಒಂದು ಮನೆ ಬರೆದರೆ ಕಣ್ಣು ಮುಚ್ಚಿ ಮಲಗುವಳು. ಬೇಡ ಬಿಡು ಎಂದರೆ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಲೇಖನಿ ಕೆಳಗಿಟ್ಟು ಅವನ ಮುಂಗೈ ಎಳೆದುಕೊಂಡಳು. ಈಗಲಾದರೂ ಎಣಿಸುವುದು ಕಲಿಯಿರಿ ಎಂದು ನಾಡಿಯ ಮೇಲೆ ಬೆರಳಿನಿಂದ ಬಡಿಯತೊಡಗಿದಳು. ಅವನು ಬಾಯಿಬಿಟ್ಟು ಎಣಿಸುತ್ತಾ ಹೋದ. ಅವಳ ಬೆರಳು ಎಷ್ಟು ತೆಳ್ಳಗಾಗಿದೆ ಎಂದು ನೋಡಿದ. ಅಷ್ಟೇ, ತಪ್ಪಿತು. ಇಬ್ಬರೂ ನಕ್ಕರು. ನಕ್ಕು ಅವಳಿಗೆ ಕೆಮ್ಮು ಹತ್ತಿತು.

ಕೆಮ್ಮು ನಿಂತ ಮೇಲೆ ಹೇಳಿದಳು, "ನನ್ನನ್ನ ಕಳಿಸೋ ದಿನ ಇದನ್ನೇ ನುಡಿಸಬೇಕು ನೀವೆಲ್ಲ. ಮುಂದಿನ ಸಾಲಲ್ಲಿ ಕರವಸ್ತ್ರ ಹಿಡಕೊಂಡು ಕೂರೋದಲ್ಲ ನೀವು. ವಾದ್ಯ ಹಿಡಕೊಂಡು ಕೂರಬೇಕು."

"ಆಗಲ್ಲ ಕಣೇ ನನ್ನ ಕೈಲಿ."

"ಆಗುತ್ತೆ. ಅಷ್ಟು ಮಾಡಿಟ್ಟೇ ಹೋಗ್ತೀನಿ. ಹೂಂ ಅನ್ನಿ."

ಅವನು ಹೂಂ ಅಂದ.

*

ಸ್ಮಶಾನದ ಪಕ್ಕದ ಕೋಣೆ ಇಕ್ಕಟ್ಟಾಗಿತ್ತು. ಪೆಟ್ಟಿಗೆಯನ್ನು ನಡುವೆ ಇಟ್ಟ ಮೇಲೆ ಮೇಳಕ್ಕೆ ಉಳಿದದ್ದು ಕಿಟಕಿಯ ಪಕ್ಕದ ಮೂಲೆ. ಹೂವಿನ ಬುಟ್ಟಿಗಳ ಹಿಂದೆ ಕುರ್ಚಿಗಳನ್ನು ಒಂದಕ್ಕೊಂದು ಒತ್ತಿ ಹಾಕಿದರು. ಯಾವತ್ತೂ ಆಚೆ ತುದಿಗೆ ಕೂರುತ್ತಿದ್ದ ಕ್ಲಾರಿನೆಟ್ಟಿನವನು ಇವತ್ತು ಇವನ ಮೊಣಕೈಗೆ ತಾಗಿ ಕೂತ. ಮೊದಲ ಸಾಲಿನಲ್ಲಿ ಮಗಳು, ಪಕ್ಕದಲ್ಲಿ ಮನೆಯ ಕೆಳ ಅಂತಸ್ತಿನ ದರ್ಜಿ ಹೆಂಗಸು.

ಕೊಳಲಮ್ಮ ಎಲ್ಲರ ಮುಂದೆ ಕಣ್ಣಾಡಿಸಿದಳು. ಕ್ಲಾರಿನೆಟ್ಟಿನವನ ಮುಂದೆ ಮಾತ್ರ ಅಚ್ಚಿನ ಪ್ರತಿ ಇರಲಿಲ್ಲ, ಅವಳು ಕಳಿಸಿದ್ದ ಕೈಬರಹದ್ದೇ ಇತ್ತು. ಹೊಸತು ಯಾಕೆ ತರಲಿಲ್ಲ ಎಂದು ಹುಬ್ಬಿನಲ್ಲೇ ಕೇಳಿದಳು. ಅವನು ತಲೆಯಾಡಿಸಿ, ಇದೇ ಇರಲಿ ಎಂದ.

ಬಸೂನಿನವನು ವಾದ್ಯದ ಬಾಯಿಗೆ ಸಿಗಿಸುವ ಜೊಂಡಿನ ರೀಡನ್ನು ಬಾಯಲ್ಲಿಟ್ಟು ನೆನೆಸಿದ. ನೀರಿನ ಪುಟ್ಟ ಬಟ್ಟಲು ತಂದಿಡುತ್ತಿದ್ದವಳು ಇರಲಿಲ್ಲ, ಯಾರಿಗೂ ಅದು ನೆನಪಾಗಿರಲಿಲ್ಲ. ಬಾಯಲ್ಲಿ ಎಂಜಲೂ ಇರಲಿಲ್ಲ.

ಕೊಳಲು ಉಸಿರೆಳೆಯಿತು. ಶುರುವಾಯಿತು.

ಮೊದಲ ಪುಟ ಹೇಗೆ ಮುಗಿಯಿತೋ, ಕೈ ತಾನಾಗಿ ನಡೆಯಿತು. ಪುಟ ಮಗುಚಿದ. ದಪ್ಪ ಪಟ್ಟಿ ಬಂತು.

ಒಂದು, ಎರಡು, ಮೂರು. ಪಾದವನ್ನು ನೆಲಕ್ಕೆ ಒತ್ತಿ ಎಣಿಸಿದ. ಕೊಳಲನ್ನು ಕೇಳಬೇಡ, ಚೆಲೋವನ್ನು ಕೇಳಬೇಡ, ಪೆಟ್ಟಿಗೆಯನ್ನು ನೋಡಬೇಡ. ಪೆಟ್ಟಿಗೆಯನ್ನು ನೋಡಿದ. ಎರಡನೆಯ ತಿರುಪು ಉಳಿದವುಗಳಷ್ಟು ಒಳಗೆ ಹೋಗಿರಲಿಲ್ಲ, ತಲೆ ಒಂದಿಷ್ಟು ಮೇಲೆದ್ದಿತ್ತು. ಮಗಳ ಕೈಯ ಬಲ ಅಷ್ಟೇ. ಅದರ ಕೆಳಗೆ, ಮರದ ಕೆಳಗೆ, ಬೆರಳುಗಳ ಕೆಳಗೆ ಎಲ್ಲವೂ ಬರೆದಿದೆ: ಇಲ್ಲಿ ಓಬೋ ಇಳಿಯುತ್ತದೆ, ಇಲ್ಲಿ ಹಾರ್ನ್ ನಿಲ್ಲುತ್ತದೆ, ಈಗ ಬನ್ನಿ ಇವರೇ.

ಎಷ್ಟಾಯಿತು? ಪಾದ ಬಡಿಯುತ್ತಲೇ ಇತ್ತು, ಸಂಖ್ಯೆ ಇರಲಿಲ್ಲ.

ಓಬೋ ಇಳಿಯಿತು. ಅದು ಮೊದಲ ಸಲ ಇಳಿದದ್ದೋ ಎರಡನೆಯ ಸಲವೋ ತಿಳಿಯಲಿಲ್ಲ. ಮುಳುಗುವವನು ದಡ ನೋಡಿದ ಹಾಗೆ ಪಕ್ಕಕ್ಕೆ ತಿರುಗಿದ. ಎಂದೂ ನೋಡದಿದ್ದ ಪಕ್ಕದ ಹಾಳೆಯನ್ನು ನೋಡಿದ.

ಕ್ಲಾರಿನೆಟ್ಟಿನ ಖಾಲಿ ಮನೆಗಳಲ್ಲಿ ಅವಳ ಕೈಯ ಸಾಸಿವೆ ಸ್ವರಗಳಿದ್ದವು. ಅವು ಕೊಳಲಿನವಲ್ಲ, ಓಬೋದವಲ್ಲ. ಅವನದೇ ಸಾಲು, ಕ್ಲಾರಿನೆಟ್ಟಿನ ತಗ್ಗು ದನಿಗೆ ಹೊಂದುವಂತೆ ಕೂರಿಸಿ, ಮೊದಲಿನಿಂದ ಕೊನೆಯ ತನಕ ಬಿಡದೆ ಬರೆದದ್ದು. ಮೇಲೆ 'ಬಸೂನ್' ಎಂದಿತ್ತು. ಅದರ ಪಕ್ಕದಲ್ಲಿ, ಕೈ ಇನ್ನೂ ನಡುಗದಿದ್ದ ಕಾಲದ ದುಂಡಕ್ಷರದಲ್ಲಿ: 'ಅವರು ಬರದಿದ್ದರೆ ಮಾತ್ರ.'

ಹಾಳೆಯ ಅಂಚು ಬೆರಳು ತಾಗಿ ತಾಗಿ ಕಂದುಗಟ್ಟಿತ್ತು. ಕ್ಲಾರಿನೆಟ್ಟಿನವನು ಆ ಮಾತನ್ನು ಓದುವವನಂತೆ ಕಾಣಲಿಲ್ಲ. ಬಹಳ ಸಲ ಓದಿದ ಮಾತು ಅದು.

ಹಾರ್ನ್ ನಿಂತಿತು. ಚೆಲೋ ನಿಂತಿತು. ಕೋಣೆಯಲ್ಲಿ ಅವನಿಗಾಗಿ ಬಿಟ್ಟ ಜಾಗ ಮಾತ್ರ ಉಳಿಯಿತು.

ಅವನು ಉಸಿರೆಳೆದ. ಊದಿದ, ದನಿ ಏಳಲಿಲ್ಲ. ತುಟಿಯ ನಡುವೆ ರೀಡು ಒಣಗಿ ಕಡ್ಡಿಯಾಗಿತ್ತು. ಕ್ಲಾರಿನೆಟ್ಟಿನವನು ಇವನತ್ತ ನೋಡಲಿಲ್ಲ. ಅರ್ಧ ಉಸಿರಿನಷ್ಟು ಕಾದ, ಬಹಳ ಅಭ್ಯಾಸವಿದ್ದವನಂತೆ. ಆಮೇಲೆ ತಗ್ಗು ದನಿಯಲ್ಲಿ, ತನ್ನದಲ್ಲದ ದಪ್ಪ ದನಿ ಮಾಡಿಕೊಂಡು, ಆ ಸಾಲನ್ನು ಎತ್ತಿಕೊಂಡ.

ದರ್ಜಿ ಹೆಂಗಸು ಪಕ್ಕದವರ ಕಿವಿಯಲ್ಲಿ, ನೋಡಿ, ಹೆಂಡತಿ ಪೆಟ್ಟಿಗೆಯಲ್ಲಿದ್ದರೂ ಮನುಷ್ಯ ತಪ್ಪಲಿಲ್ಲ ಎಂದದ್ದು ಹೂಗಳ ಮೇಲಿನಿಂದ ಕೇಳಿಸಿತು. ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಹುಟ್ಟಿದಾಗಿನಿಂದ ಬಸೂನಿನ ದನಿಗೆ ನಿದ್ದೆ ಹೋದವಳು, ಬಸೂನಿನ ದನಿಗೆ ಎದ್ದವಳು. ಸಾಲಿನ ಎರಡನೆಯ ತಿರುವಿಗೆ ಅವಳ ರೆಪ್ಪೆ ಅಲುಗಿತು. ಅವಳು ಕಣ್ಣು ಬಿಟ್ಟು ನೇರ ಅಪ್ಪನನ್ನೇ ನೋಡಿದಳು.

ಈಗ ಊದಿದರೆ ಎರಡು ದನಿಯಾಗುತ್ತದೆ. ಅವನು ಕೆನ್ನೆ ಉಬ್ಬಿಸಿ, ತಲೆ ತಗ್ಗಿಸಿ, ಬೆರಳಾಡಿಸತೊಡಗಿದ. ಒಂದು ಸ್ವರವನ್ನೂ ಬಿಡದೆ, ಯಾವುದು ಎಷ್ಟು ಹೊತ್ತೋ ಅಷ್ಟೇ ಹೊತ್ತು ಒತ್ತಿ ಹಿಡಿದು, ಬಿಟ್ಟು. ಅವನ ವಾದ್ಯದಿಂದ ಬರುತ್ತಿದ್ದದ್ದು ಮರದ ಮೇಲೆ ಲೋಹದ ಬಿಲ್ಲೆಗಳು ಎದ್ದು ಕೂರುವ ಸದ್ದು ಮಾತ್ರ. ಟಿಕ್ ಎಂದು ಒಂದು, ಸ್ವಲ್ಪ ತಡೆದು ಇನ್ನೊಂದು.