ದ್ಯಾಮವ್ವನ ಕಸದ ಗಂಟೆ

ನಾನು ಒಂದು ಕೈಗಂಟೆ. ದೇವರ ಮುಂದಿನದಲ್ಲ, ಶಾಲೆಯದೂ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕೈಮುಗಿದು ಪೇಚಾಡಬೇಡಿ. ಮುರಿದ ನಲ್ಲಿ, ತೂತುಬಿದ್ದ ತಂಬಿಗೆ, ಕೀಲಿ ಕಳೆದುಹೋದ ಬೀಗ, ಇವನ್ನೆಲ್ಲ ಕರಗಿಸಿ ಗದಗಿನ ಒಬ್ಬ ಕಂಚುಗಾರ ನನ್ನನ್ನು ಎರಕ ಹೊಯ್ದ. ಅಚ್ಚು ಬಿಚ್ಚಿದಾಗ ತುಟಿಯ ಹತ್ತಿರ ಒಂದು ಗುಳಿ ಬಿದ್ದಿತ್ತು. ಅದಕ್ಕೇ ನನ್ನ ದನಿ ತುಸು ಒಡಕು. ಗುಡಿಗೆ ನಡೆಯುವುದಿಲ್ಲ ಎಂದು ಬೈದು ಮೂಲೆಗೆ ಎಸೆದ. ಹುಟ್ಟಿದ ದಿನವೇ ಬೈಗುಳ ತಿಂದದ್ದಕ್ಕೆ ಸಿಟ್ಟು ಇರದೆ ಇನ್ನೇನಿರುತ್ತದೆ?

ಮೂಲೆಯಿಂದ ಎತ್ತಿದವನು ದಸ್ತಗೀರಸಾಬ, ಐಸ್‌ಕ್ಯಾಂಡಿ ಮಾರುವವನು. ಅವನ ಕೈಯಲ್ಲಿ ಒಂಬತ್ತು ಬೇಸಿಗೆ ಕುಣಿದೆ. ಮೊಣಕಾಲು ಹೋದ ಮೇಲೆ ಅವನು ನನ್ನನ್ನು ದ್ಯಾಮವ್ವನಿಗೆ ಕೊಟ್ಟ.

ದ್ಯಾಮವ್ವ ಆಗ ತಾನೇ ಒಂದು ತಳ್ಳುಗಾಡಿ ಹಿಡಿದು ನೇಕಾರ ಓಣಿ ಗುಡಿಸಲು, ಅಲ್ಲಿನ ಮೂವತ್ತು ಮನೆಗಳ ಕಸ ಒಯ್ಯಲು ಶುರುಮಾಡಿದ್ದಳು. ಮೊದಲ ದಿನ ಅವಳು ನನ್ನನ್ನು ಬಾರಿಸಿದಾಗ ಓಣಿಯ ಮಕ್ಕಳೆಲ್ಲ ಐಸ್‌ಕ್ಯಾಂಡಿಗೆಂದು ಓಡಿಬಂದರು. ಗಾಡಿ ನೋಡಿ ಮೂಗು ಮುಚ್ಚಿಕೊಂಡು ವಾಪಸಾದರು. ಅವರ ಹಿಂದೆ ಮೂರನೆಯ ಮನೆಯ ಈರವ್ವ ಮಗ್ಗದಿಂದ ಎದ್ದು ಬಂದಿದ್ದಳು.

"ನಾನೂ ಐಸ್‌ಕ್ಯಾಂಡಿ ಅಂತನ ಬಂದಿದ್ನೆವ್ವಾ. ತಡಿ, ಬಕೆಟ್ ತರ್ತೀನಿ" ಅಂದಳು.

ಅಂದಿನಿಂದ ದಿನಾ ಬೆಳಿಗ್ಗೆ ನನ್ನ ದನಿಗೆ ಮೂವತ್ತು ಬಾಗಿಲು ತೆರೆದವು. ಕಸ ಸುರಿಯಲು ಒಂದು ಗಳಿಗೆ ಸಾಕು, ಮಾತಿಗೆ ಅರ್ಧ ತಾಸು ಬೇಕು. ಯಾರ ಸೊಸೆ ತವರಿಗೆ ಹೋದಳು, ಯಾರ ಮಗ್ಗ ನಿಂತಿತು, ಎಲ್ಲ ನನಗೂ ಗೊತ್ತಾಗುತ್ತಿತ್ತು.

ಹೊಸ ಬಡಾವಣೆಗಳವರೂ ದ್ಯಾಮವ್ವನನ್ನು ಕರೆಯತೊಡಗಿದರು. ಒಂದು ಗಂಟೆ ಎಷ್ಟು ದೂರ ಕೇಳಿಸೀತು? ಆಗ ದಸ್ತಗೀರಸಾಬನ ಮಗಳು ಮೆಹಬೂಬಿ, ಝೆರಾಕ್ಸ್ ಅಂಗಡಿ ಇಟ್ಟವಳು, ಫೋನಿನಲ್ಲೇ ಒಂದು ಆ್ಯಪ್ ಕಟ್ಟಿದಳು. ಕೋಡ್ ಬರೆಯುವ ಹಂಗೇ ಇಲ್ಲ, ಚುಕ್ಕಿಯಿಟ್ಟು ರಂಗೋಲಿ ಎಳೆದಂತೆ, ಡಬ್ಬಿಯಿಂದ ಡಬ್ಬಿಗೆ ಗೆರೆ ಎಳೆದರೆ ಮುಗಿಯಿತು ಎಂದಳು. ಗಾಡಿ ಬರುವ ಹೊತ್ತಿಗೆ ಮನೆಯವರ ಫೋನು ಮೊಳಗಬೇಕು, ಅವರು ‘ಕಸ ಇದೆ’ ಅಥವಾ ‘ಕಸ ಇಲ್ಲ’ ಒತ್ತಬೇಕು. ಯಾವ ದನಿ ಇಡೋಣ ಎಂದು ಕೇಳಿದಾಗ ದ್ಯಾಮವ್ವ ನನ್ನನ್ನು ಫೋನಿನ ಮುಂದೆ ಒಮ್ಮೆ ಅಲುಗಿಸಿದಳು. ನಾನು ಹಿಗ್ಗಿದೆ. ಹುಚ್ಚು ನನಗೆ. ಮಾರನೆಯ ದಿನವೇ ನನ್ನನ್ನು ಅಂಗಡಿಯ ಮೊಳೆಗೆ ನೇತುಹಾಕಿದರು.

ಮೂವತ್ತು ಮನೆ ಇನ್ನೂರಾದವು. ಮೂರು ಗಾಡಿ, ಐವರು ಹೆಂಗಸರು. ದ್ಯಾಮವ್ವ ಅಂಗಡಿಯಲ್ಲಿ ಕೂತು ಫೋನು ನೋಡುತ್ತಿದ್ದಳು, ಓಣಿಗೆ ಹೋಗುವುದನ್ನು ಬಿಟ್ಟಳು. ಸುಳ್ಳೇ ಗಾಡಿ ಓಡಬಾರದೆಂದು ಅವಳೇ ಒಂದು ಗೆರೆ ಎಳೆಸಿದಳು: ಸತತ ಆರು ಸಲ ‘ಕಸ ಇಲ್ಲ’ ಎಂದ ಮನೆ ತಾನಾಗಿ ಪಟ್ಟಿಯಿಂದ ಬೀಳಬೇಕು.

ಬೆಳಗಿನ ಹೊತ್ತು ಬಡಾವಣೆಗಳಿಗೆ ಹೋಯಿತು. ನೇಕಾರ ಓಣಿಗೆ ಉಳಿದದ್ದು ಮಂಗಳವಾರ, ಶುಕ್ರವಾರದ ಸಂಜೆ ಐದು. ಗಾಡಿ ಮುಟ್ಟುವಷ್ಟರಲ್ಲಿ ಏಳಾಗಿರುತ್ತಿತ್ತು. ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮೇಲೆ ಆ ಓಣಿಯಲ್ಲಿ ಯಾರೂ ಮನೆಯಿಂದ ಕಸ ಹೊರಗೆ ಹಾಕುವುದಿಲ್ಲ. ಕಸದ ಜೊತೆ ಲಕ್ಷ್ಮಿಯೂ ಹೋಗುತ್ತಾಳೆಂಬ ನಂಬಿಕೆ. ಇದು ದ್ಯಾಮವ್ವನಿಗೆ ಗೊತ್ತಿಲ್ಲದ್ದೇ? ಅವಳ ಮನೆಯಲ್ಲೂ ಅದೇ ರೂಢಿ. ಗಾಡಿ ತಡವಾಗುವುದು ಮಾತ್ರ ಗೊತ್ತಿರಲಿಲ್ಲ. ಓಣಿಯವರು ಜಗಳಕ್ಕೆ ಬರಲಿಲ್ಲ, ಮರ್ಯಾದೆಯಿಂದ ‘ಕಸ ಇಲ್ಲ’ ಒತ್ತಿದರು. ಮೂರು ವಾರ, ಆರು ಸಲ. ಮೂವತ್ತೂ ಮನೆ ಉದುರಿದವು. ನನ್ನನ್ನು ಒಂದು ಸಲ ಹಿಡಿದು ಆ ಓಣಿಗೆ ಹೋಗಿದ್ದರೆ ಏನಾಗಿದೆಯೆಂದು ಕಾಣುತ್ತಿತ್ತು. ಮೊಳೆಯ ಮೇಲಿನ ಗಂಟೆಯನ್ನು ಯಾರು ಕೇಳುತ್ತಾರೆ?

ಓಣಿಯ ತುದಿಯ ಬಾವಿಯ ಬಳಿ ಕಸ ರಾಶಿಬಿತ್ತು. ಒಂದು ತಿಂಗಳ ಮೇಲೆ ಈರವ್ವ ಕೋಲೂರಿಕೊಂಡು ಅಂಗಡಿಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

"ದ್ಯಾಮವ್ವಾ, ನಿನ್ನ ಫೋನಿನ್ಯಾಗ ನಮ್ಮ ಓಣಿ ಸತ್ತೈತಂತ. ಮಣ್ಣು ಕೊಡಾಕರ ಬರಬೇಕಿಲ್ಲೇನ?"

ದ್ಯಾಮವ್ವ ಪಟ್ಟಿ ತೆಗೆದು ನೋಡಿದಳು. ಮುಖ ಬಾಡಿತು.

ಮರುದಿನ ಬೆಳಿಗ್ಗೆ ನನ್ನನ್ನು ಮೊಳೆಯಿಂದ ಇಳಿಸಿ, ಧೂಳು ಒರೆಸಿ, ತಾನೇ ಗಾಡಿ ತಳ್ಳಿಕೊಂಡು ಹೋದಳು. ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ. ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸು. ಬಾಗಿಲುಗಳ ಹಿಂದೆ ಮಗ್ಗಗಳು ಸದ್ದು ಮಾಡುತ್ತಿದ್ದವು. ಓಣಿಯವರು ಆಗಲೇ ಕಸಕ್ಕೆ ಬೇರೆ ಟ್ರ್ಯಾಕ್ಟರು ಗೊತ್ತುಮಾಡಿಕೊಂಡಿದ್ದರು. ಒಂದೇ ಬಾಗಿಲು ತೆರೆಯಿತು. ಈರವ್ವನ ಕೈಯಲ್ಲಿ ಖಾಲಿ ಬಕೆಟ್ಟು.

"ಕಸ ಇಲ್ಲೆವ್ವಾ ಇವತ್ತ" ಅಂದಳು. "ಇಲ್ಲ ಅನ್ನಾಕ ಹೊರಗ ಬಂದೇನಿ."

ದ್ಯಾಮವ್ವ ಆ ಖಾಲಿ ಬಕೆಟ್ಟನ್ನು ಇಸಿದುಕೊಂಡು ಗಾಡಿಗೆ ಬಡಿದು ಕೊಡವಿ, ವಾಪಸು ಕೊಟ್ಟಳು. ಆಮೇಲೆ ಬಾವಿಯ ಬಳಿಯ ರಾಶಿಯನ್ನು ಒಬ್ಬಳೇ ತುಂಬಿದಳು. ಮಧ್ಯಾಹ್ನವಾಯಿತು.

ಆ ಓಣಿ ಈಗ ಪಟ್ಟಿಯಲ್ಲಿಲ್ಲ. ಈರವ್ವನ ಒಂದು ಮನೆ ಇದೆ, ಬೆಳಗಿನ ಹೊತ್ತಿಗೆ. ಆರು ಸಲದ ಗೆರೆಯನ್ನು ಮೆಹಬೂಬಿ ಅಳಿಸಿದ್ದಾಳೆ. ನಾನು ಮತ್ತೆ ಮೊಳೆಯ ಮೇಲೆ. ಶಟರ್ ಎತ್ತಿದಾಗಲೆಲ್ಲ ಅಲುಗಿ ಸದ್ದು ಮಾಡುತ್ತೇನೆಂದು ನನ್ನ ನಾಲಿಗೆಗೆ ಬಟ್ಟೆ ಸುತ್ತಿದ್ದಾರೆ.

ದಿನಾ ಬೆಳಿಗ್ಗೆ ದ್ಯಾಮವ್ವನ ಫೋನು ಮೊಳಗುತ್ತದೆ. ತುಸು ಒಡಕು ದನಿ, ನನ್ನದೇ. ಗಾಡಿ ಹೋದಂತೆಲ್ಲ ಊರ ತುಂಬ ನೂರೆಪ್ಪತ್ತು ಮನೆಗಳಲ್ಲಿ ನಾನು ಮೊಳಗುತ್ತೇನೆ. ಜನ ಕೂತಲ್ಲೇ ಬೆರಳು ಒತ್ತುತ್ತಾರೆ. ಬಾಗಿಲು ತೆರೆಯುವ ಸದ್ದಿಗಾಗಿ ನಾನು ಇನ್ನೂ ಕಿವಿಗೊಟ್ಟು ಕಾಯುತ್ತೇನೆ.