ಹಿಂದಿನ ಸೀಟಿನ ವಾಸನೆ

"ಮೂಗಿಗೇನು ಲದ್ದಿ ತುರ್ಕೊಂಡಿದೀಯೇನೇ? ಇಷ್ಟು ನಾರ್ತಿದೆ, ನಿಂಗೆ ಬರ್ತಿಲ್ವಾ?"

ಯಜಮಾನರು ಕಾರಿನ ಹಿಂದಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು. ಹಿಡಿದುಕೊಂಡು ಎಂದರೆ ಕೈಯಲ್ಲಲ್ಲ, ಕರವಸ್ತ್ರ ಸುತ್ತಿದ ಎರಡು ಬೆರಳಲ್ಲಿ. ಒಳಗೆ ಅವಳು ಮಂಡಿಯೂರಿ ಸೀಟು ಉಜ್ಜುತ್ತಿದ್ದಳು. ಸೋಪಿನ ನೀರು ಆಯಿತು, ಬಿಸಿನೀರು ಆಯಿತು, ಬಾಟಲಿಯಲ್ಲಿ ಬರುವ ಅದೆಂಥದೋ ನಿಂಬೆ ವಾಸನೆಯ ನೀರೂ ಆಯಿತು. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಇಲ್ಲ ಬುದ್ಧಿ, ನಂಗೇನೂ ಬರ್ತಿಲ್ಲ."

"ನಿಂಗೆಲ್ಲಿಂದ ಬರತ್ತೆ? ಅದ್ರಲ್ಲೇ ಹುಟ್ಟಿದೋಳು. ಉಜ್ಜು!"

ಉಜ್ಜಿದಳು. ಉಜ್ಜುವುದು ಬಿಟ್ಟು ಇನ್ನೇನು ಮಾಡಿಯಾಳು? ಆ ಸೀಟಿನ ಮೇಲೆ ನಿನ್ನೆ ಸತ್ತದ್ದು ಅವಳ ಒಡಹುಟ್ಟಿದ ತಮ್ಮ.

ಹೇಳಹೊರಟರೆ ಕತೆ ಇಷ್ಟೇ. ಬೀಗರು ಬರುವ ಹಿಂದಿನ ದಿನವೇ ಹಿತ್ತಿಲ ಕಕ್ಕಸು ಗುಂಡಿ ಉಕ್ಕಿ ಹರಿಯಬೇಕೆ! ಅಮ್ಮಾವ್ರು ತಲೆ ಚಚ್ಚಿಕೊಂಡರು. ಗುಂಡಿ ಎತ್ತುವ ಲಾರಿಯವರು ಎರಡು ದಿನ ಬಿಟ್ಟು ಬರುತ್ತೇವೆ ಎಂದರು. ಯಜಮಾನರು ಅವಳ ತಮ್ಮನಿಗೆ ಹೇಳಿಕಳಿಸಿದರು. ಎಲ್ಲರ ಬಾಯಲ್ಲೂ ಅವನು ಚಿಕ್ಕೋನು. ಮದುವೆಯ ವಯಸ್ಸು ದಾಟುತ್ತಿದ್ದರೂ ಚಿಕ್ಕೋನೇ. "ಇಳಿದು ನಾಲ್ಕು ಬಕೆಟ್ ಎತ್ತಿಬಿಡಪ್ಪ, ಹೂವೆತ್ತಿದಷ್ಟು ಸುಲಭ" ಎಂದರು ಯಜಮಾನರು. ಚಿಕ್ಕೋನು ಇಳಿದ. ಮೊದಲ ಬಕೆಟ್ಟು ಮೇಲೆ ಬಂತು, ಎರಡನೆಯದು ಬರಲಿಲ್ಲ. ಡ್ರೈವರಣ್ಣ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು, ಅವನನ್ನು ಎಳೆದು ಮೇಲೆ ಹಾಕಿದ. ಯಾರ ಅಪ್ಪಣೆಯನ್ನೂ ಕೇಳದೆ ಯಜಮಾನರ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ದಾರಿಯಲ್ಲೇ ಚಿಕ್ಕೋನ ಉಸಿರು ನಿಂತಿತು.

ಆಗ ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೂಗು ಕೇಳಿ ಇಳಿದು ಬರುವಷ್ಟರಲ್ಲಿ ಗೇಟು ಹಾರುಹೊಡೆದಿತ್ತು, ಕಾರು ಕಣ್ಮರೆಯಾಗಿತ್ತು. ಆಸ್ಪತ್ರೆಯಲ್ಲಿ ಯಾರೂ ಒಳಗೆ ಬಿಡಲಿಲ್ಲ. ನಾಳೆ ಕೊಡ್ತೀವಿ, ನಡಿಯಮ್ಮ ಎಂದು ಗದರಿ ಕಳಿಸಿದರು. ಹಾಗಾಗಿ ತಮ್ಮನ ಮುಖವನ್ನು ಅವಳು ಇನ್ನೂ ನೋಡಿರಲಿಲ್ಲ.

ಬೆಳಗಾಗುವುದರೊಳಗೆ ಯಜಮಾನರು ಯಾರ‍್ಯಾರಿಗೋ ಫೋನು ಮಾಡಿ ಮುಗಿಸಿದ್ದರು. ಕಾಲು ಜಾರಿ ಬಿದ್ದ ಎಂದು ಬರೆಸಿದ್ದಾಯಿತು. ಇವತ್ತೇ ಮಣ್ಣು ಮಾಡಿ ಮುಗಿಸಬೇಕು, ಸುದ್ದಿ ಬೆಳೆಸಬಾರದು ಎಂದು ಕೇರಿಯ ಹಿರಿಯರಿಗೂ ಹೇಳಿದ್ದಾಯಿತು. ಅವಳ ತಾಯಿ ಕೇರಿಯವರ ಕೈ ಹಿಡಿದು ಆಸ್ಪತ್ರೆಗೆ ಹೋದಳು. ಇವಳೂ ಹೊರಟಳು. ಯಜಮಾನರು ಗೇಟಿನಲ್ಲೇ ತಡೆದರು.

"ನೀನೆಲ್ಲಿಗೆ? ಸಂಜೆ ಬೀಗರನ್ನ ಕರ‍್ಕೊಂಡ್ ಬರಬೇಕು, ಆ ಕಾರಲ್ಲಿ ನಾಯಿ ಕೂತ್ಕೊಳ್ಳಲ್ಲ. ನಿಮ್ಮೋನು ಮಾಡಿದ ಗಲೀಜು ನಾನ್ ತೊಳೀಬೇಕಾ?"

"ಒಂದ್ಸಲ ಮುಖ ನೋಡ್ಕೊಂಡ್ ಓಡಿ ಬಂದ್ಬಿಡ್ತೀನಿ ಬುದ್ಧಿ. ನಾನು ಎತ್ತಿ ಆಡ್ಸಿದ ಕೂಸು."

"ಬೇಡ ಅಂದ್ನಾ? ವಾಸನೆ ಹೋಗಿಸು, ಹೋಗು. ಈಗ್ಲೇ ಹೋಗ್ತೀನಿ ಅಂದ್ರೆ, ಹಿಂದಿನ ರೂಮಲ್ಲಿರೋ ನಿಮ್ಮಮ್ಮನ ಹರಕು ಚಾಪೆನೂ ಸುತ್ಕೊಂಡು ಹೋಗು. ವಾಪಸ್ ಬರಬೇಡ."

ಮುದುಕಿಯನ್ನು ಕಟ್ಟಿಕೊಂಡು ಯಾವ ಮರದ ಕೆಳಗೆ ಮಲಗುವುದು? ಅವಳು ಬಕೆಟ್ಟು ತುಂಬಿದಳು.

ತೊಳೆದದ್ದು ಸಾಲದೆಂದು ಯಜಮಾನರು ಮಿಷಿನ್ನಿನವನನ್ನು ಕರೆಸಿದರು. ಮೂಲಂಗಿಯಂಥ ಕತ್ತಿನ, ಮಾತಿಗೊಮ್ಮೆ ಸಾರ್ ಎನ್ನುವ ಮನುಷ್ಯ. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು, ವಯರನ್ನು ಕಿಟಕಿಯ ಸಂದಿಯಿಂದ ಹೊರಗೆಳೆದು, ಸಂದಿಗೆಲ್ಲ ಟೇಪು ಅಂಟಿಸಿದ. ಪ್ಲಗ್ಗು ಮನೆಯ ಹಾಲಿನೊಳಗೆ, ಕಿಟಕಿಯ ಪಕ್ಕದ ಸಾಕೆಟ್ಟಿಗೆ.

"ಓಝೋನ್ ಗಾಳಿ ಸಾರ್. ಸೆಂಟು ಹೊಡೆದು ಮುಚ್ಚಿಡೋ ಆಟ ಅಲ್ಲ. ವಾಸನೆನ, ಕ್ರಿಮಿನ, ಬುಡಸಮೇತ ಸುಟ್ಟುಬಿಡತ್ತೆ. ಆದ್ರೆ ಓಡ್ತಾ ಇರೋವಾಗ ಒಳಗೆ ಒಂದು ನೊಣಾನೂ ಇರಬಾರ್ದು ಸಾರ್, ಎದೆ ಸುಟ್ಟೋಗತ್ತೆ. ನಿಲ್ಸಿದ ಮೇಲೂ ಬಾಗಿಲೆಲ್ಲ ತೆಗೆದು ಚೆನ್ನಾಗಿ ಗಾಳಿ ಆಡಿಸಿ, ಆಮೇಲೇ ಹತ್ತಬೇಕು."

ಪೆಟ್ಟಿಗೆ ಗುಂಯ್‌ಗುಟ್ಟಿತು. ಅವಳು ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಳು. ಡ್ರೈವರಣ್ಣ ಪಕ್ಕದಲ್ಲಿ ನಿಂತ. ಅವನ ಕೆನ್ನೆಯ ಮೇಲೆ ಯಜಮಾನರ ಬೆರಳುಗಳು ನಿನ್ನೆಯಿಂದ ಹಾಗೇ ಮೂಡಿಕೊಂಡಿದ್ದವು. ನಾಲ್ಕು ಬೆರಳೂ ಎಣಿಸುವ ಹಾಗೆ.

"ನಿಂಗೂ ಏಟು ತಿನ್ಸ್ದೆ ಕಣಣ್ಣ."

"ಬಿಡಮ್ಮ. ಇನ್ನೊಂದು ಚೂರು ಬೇಗ ಓಡ್ಸಿದ್ರೆ..." ಎಂದ. "ಅಕ್ಕ ಅಂದ, ಕಣಮ್ಮ. ಗೇಟು ದಾಟ್ತಿದ್ದಂಗೆ ಒಂದ್ಸಲ ಅಕ್ಕಾ ಅಂದ."

ಅವಳು ಅತ್ತಳು. ಅಳು ಕೇಳಿಸಬಾರದೆಂದು ಒದ್ದೆ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಡ್ರೈವರಣ್ಣನ ಫೋನು ಬಡಿದುಕೊಂಡಿತು. ಕೇರಿಯವರು. ಹೆಣ ಕೊಟ್ಟರು, ಹೊರಟಿದ್ದೇವೆ, ಅಕ್ಕನ್ನ ನೇರ ಮಣ್ಣಿನ ಜಾಗಕ್ಕೇ ಕಳಿಸು ಎಂದರು.

ಮಿಷಿನ್ನು ನಿಂತಿತು. ಬಾಗಿಲು ತೆಗೆದ ಕೂಡಲೇ ಗಾಳಿ ಆಡುವುದಕ್ಕೂ ಬಿಡದೆ ಯಜಮಾನರು ತಲೆ ತೂರಿಸಿದರು, ತೂರಿಸಿದಷ್ಟೇ ಬೇಗ ಹಿಂದಕ್ಕೆಳೆದುಕೊಂಡರು. ವಯರು ಸುಟ್ಟಾಗ ಬರುತ್ತದಲ್ಲ, ಮೂಗಿನ ಬುಡಕ್ಕೆ ಚುಚ್ಚುವ ಒಂದು ಘಾಟು, ಅದು ರಪ್ಪನೆ ಹೊರಗೆ ಬಂತು.

"ಥೂ! ಇನ್ನೂ ಇದೆ. ಇನ್ನೂ ಜಾಸ್ತಿಯಾಗಿದೆ!"

"ಸಾರ್, ಅದು ಮಿಷಿನ್ನಿಂದೇ ವಾಸನೆ ಸಾರ್. ಸ್ವಲ್ಪ ಹೊತ್ತು ತೆಗೆದಿಟ್ರೆ ತಾನಾಗೇ..."

"ಏ, ಮಿಷಿನ್ ವಾಸನೆ ಯಾವ್ದು, ಅವನ ವಾಸನೆ ಯಾವ್ದು ಅಂತ ನಂಗೆ ಗೊತ್ತಾಗಲ್ವೇನೋ? ನಿನ್ನೆ ಇದೇ ಮೂಗಲ್ಲಿ ಕುಡಿದಿದೀನಿ ಆ ದರಿದ್ರಾನ. ಮತ್ತೆ ಹಾಕು. ಜೋರಾಗಿ ಹಾಕು."

ಗಿರಾಕಿಯ ಬಾಯಿಗೆ ಬಾಯಿ ಕೊಟ್ಟು ಮಿಷಿನ್ನಿನವನಿಗೆ ಆಗಬೇಕಾದ್ದೇನು? ಗುಂಡಿ ತಿರುಗಿಸಿ ಇನ್ನಷ್ಟು ಜೋರು ಮಾಡಿದ. ಪೆಟ್ಟಿಗೆ ಈ ಸಲ ಕಣಜದ ಗೂಡು ಕೆದಕಿದ ಹಾಗೆ ಮೊರೆಯಿತು.

ಅದು ನಿಂತಾಗ ಯಜಮಾನರು ತಾವು ಮುಂದೆ ಹೋಗಲಿಲ್ಲ. ಘಾಟಿಗೆ ಅವರ ಕಣ್ಣು ಆಗಲೇ ನೀರಾಡುತ್ತಿತ್ತು.

"ಏಯ್, ನೀನ್ ಕೂತು ಮೂಸಿ ನೋಡು."

"ಸಾರ್, ಈಗ್ಲೇ ಯಾರೂ ಒಳಗೆ ಹೋಗೋದು ಬೇಡ..." ಎಂದ ಮಿಷಿನ್ನಿನವನು.

ಯಾರೂ ಹೋಗಲಿಲ್ಲ. ಅವಳನ್ನು ಕಳಿಸಿದರು. ಒಳಗೆ ಕಾಲಿಡುತ್ತಲೇ ಗಂಟಲಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು. ಆದರೂ ಅವಳು ಬಗ್ಗಿ, ಸೀಟಿನ ಹೊಲಿಗೆಯ ಸಂದಿಗೆ ಮೂಗಿಟ್ಟಳು. ಯಜಮಾನರಿಗಾಗಿ ಅಲ್ಲ. ಚಿಕ್ಕೋನು ಅಮ್ಮನನ್ನು ನೋಡಲು ಬರುವಾಗಲೆಲ್ಲ ಮೂರು ಮೂರು ಸಲ ಸೋಪು ಹಚ್ಚಿ ಮಿಂದು ಬರುತ್ತಿದ್ದ. ಅಗ್ಗದ ಸೋಪು, ಅದರ ಮೇಲೆ ಬೀಡಿ. ಅದರದೊಂದು ಎಳೆಯಾದರೂ ಉಳಿದಿದೆಯೇನೋ ಎಂದು ಹುಡುಕಿದಳು. ಏನೂ ಇರಲಿಲ್ಲ. ಕೆಮ್ಮುತ್ತಾ ಕೆಳಗಿಳಿದಳು.

"ಏನೂ ಇಲ್ಲ ಬುದ್ಧಿ. ಎಲ್ಲಾ ಹೋಯ್ತು." ಹಾಗೆಂದವಳ ಕಣ್ಣಿಂದ ನೀರು ದಳದಳ ಇಳಿಯಿತು.

"ನಾಟ್ಕ ಆಡ್ತೀಯಾ? ಬೇಗ ಜಾಗ ಖಾಲಿ ಮಾಡೋಕೆ ಸುಳ್ಳು ಬೊಗಳ್ತೀಯಾ, ಲೌಡಿ? ಇಲ್ಲಿವರ‍್ಗೂ ಬರ್ತಿದೆ ನಂಗೆ! ಬೀಗರ ಮುಂದೆ ನನ್ನ ಮಾನ ಕಳೀಬೇಕೂಂತ್ಲೇ ಗಂಟು ಬಿದ್ದಿದೀರಿ ಎಲ್ಲಾ ಸೇರ‍್ಕೊಂಡು. ಹಾಕಯ್ಯ ಇನ್ನೊಂದ್ಸಲ."

ಅವಳಿಗೆ ಆಗ ಗೊತ್ತಾಯಿತು. ಈ ವಾಸನೆ ಹೋಗುವುದಿಲ್ಲ. ಮಿಷಿನ್ನು ಹಾಕಿದಷ್ಟೂ ಘಾಟು, ಘಾಟು ಬಂದಷ್ಟೂ ಇವರಿಗೆ ಚಿಕ್ಕೋನು, ಚಿಕ್ಕೋನು ಬಂದಷ್ಟೂ ಮತ್ತೆ ಮಿಷಿನ್ನು. ಅವಳು ಯಜಮಾನರ ಕಾಲಿಗೆ ಬಿದ್ದಳು. ಕಾಲು ಮುಟ್ಟುವ ಮೊದಲೇ ಅವರು ಹಾವು ಕಂಡವರಂತೆ ಹಿಂದಕ್ಕೆ ಹಾರಿದರು.

"ಮುಟ್ಬೇಡ! ಸ್ನಾನ ಆಗಿದೆ ನಂದು."

ಫೋನು ಮತ್ತೆ ಬಡಿದುಕೊಂಡಿತು. ಡ್ರೈವರಣ್ಣ ಅದನ್ನು ಅವಳ ಕಿವಿಗಿಟ್ಟ. ಅತ್ತ ಕಡೆಯಿಂದ ತಾಯಿಯ ದನಿ.

"ಎಲ್ಲಿದೀಯೇ? ಗುಂಡಿ ತೆಗ್ದಾಯ್ತು. ನಿಲ್ಸೋ ಹಾಗಿಲ್ಲ ಅಂತಾರೆ ಕಣೇ, ಆಗ್ಲೇ ಊದ್ಕೊಂಡಿದಾನೆ ಮಗ. ಬಾರೇ!"

"ಬಂದೆ ಕಣಮ್ಮ. ಸ್ವಲ್ಪ ಹಿಡ್ಕೊಳಮ್ಮ ಅವ್ರನ್ನ. ಕೈ ಮುಗೀತೀನಿ ಅಂತ ಹೇಳು."

ಫೋನು ಕಟ್ಟಾಯಿತು. ಮಿಷಿನ್ನು ಮೊರೆಯುತ್ತಿತ್ತು. ಡ್ರೈವರಣ್ಣ ತಲೆ ತಗ್ಗಿಸಿಕೊಂಡೇ ಯಜಮಾನರ ಮುಂದೆ ಹೋಗಿ ನಿಂತ. "ಬುದ್ಧಿ, ನನ್ನ ಸೈಕಲ್ಲಲ್ಲಿ ಒಂದು ಗಳಿಗೆ ಬಿಟ್ಟು ಬರ್ತೀನಿ..."

"ನೀನ್ ಮಾಡಿದ ಘನಂದಾರಿ ಕೆಲಸಕ್ಕೇ ಇಷ್ಟೆಲ್ಲ ಆಗಿರೋದು. ಆಂಬುಲೆನ್ಸಿಗೆ ಫೋನ್ ಮಾಡೋಕೇನಾಗಿತ್ತು ನಿಂಗೆ? ಬರೋ ತನಕ ಅಲ್ಲೇ ಮಲಗಿರ‍್ತಿದ್ದ, ಏನ್ ಓಡಿಹೋಗ್ತಿದ್ನಾ? ಸುಮ್ನೆ ನಿಂತ್ಕೊ, ಬೇವರ್ಸಿ."

ನಿಂತುಕೊಂಡ. ಎಲ್ಲರೂ ನಿಂತಿದ್ದರು. ಒಳಗಿನಿಂದ ಒಗ್ಗರಣೆಯ ಸದ್ದು, ಅಮ್ಮಾವ್ರ ನಗು ಕೇಳಿಬರುತ್ತಿತ್ತು. ಬೀಗಿತ್ತಿಗೆ ಯಾವ ಬಣ್ಣದ ಹೊದಿಕೆ ಹಿಡಿಸುತ್ತದೆ ಎಂದು ಯಾರೊಂದಿಗೋ ಫೋನಿನಲ್ಲಿ ಚರ್ಚೆ.

ಮೂರನೆಯ ಸಲ ಫೋನು ಬಂದಾಗ ಡ್ರೈವರಣ್ಣ ಅದನ್ನು ಅವಳಿಗೆ ಕೊಡಲಿಲ್ಲ. ತಾನೇ ಕೇಳಿಸಿಕೊಂಡ. ಹೂಂ ಎಂದ. ಮತ್ತೊಮ್ಮೆ ಹೂಂ ಎಂದ. ಆಮೇಲೆ ಫೋನನ್ನು ಜೇಬಿಗಿಟ್ಟು ಅವಳ ಮುಖ ನೋಡಿದ.

"ಮುಚ್ಬಿಟ್ರಂತಮ್ಮ."

ಅವಳು ಒದ್ದೆ ಬಟ್ಟೆಯನ್ನು ಹಿಂಡಿ, ಮಡಿಸಿ, ಬಕೆಟ್ಟಿನ ಅಂಚಿಗೆ ಹಾಕಿದಳು.

ಮಿಷಿನ್ನು ನಿಂತಿತು. ಯಜಮಾನರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ ಎರಡು ಹೆಜ್ಜೆ ಹತ್ತಿರ ಹೋದರು.

"ಊಹ್ಞೂಂ. ಇದೆ. ಇನ್ನೂ ಇದೆ. ಎಲ್ಲಿಂದ ಬರ್ತಿದೆ ಹುಡುಕೇ! ಬಾಯಿ ಬಿಟ್ಕೊಂಡು ನಿಂತಿದೀಯಲ್ಲ!"

ಅವಳು ಹುಡುಕಿದಳು. ಕಾರಿನ ಸುತ್ತ ಒಂದು ಸುತ್ತು ಬಂದಳು. ಚಕ್ರದ ಹತ್ತಿರ ಬಗ್ಗಿ ಮೂಸಿದಳು. ಡಿಕ್ಕಿಯ ಹತ್ತಿರ ಮೂಸಿದಳು. ಯಜಮಾನರ ಹತ್ತಿರ ಬಂದು, ಅವರ ಎದೆಯ ಮುಂದೆ ಮುಖ ಇಟ್ಟು, ನಿಧಾನಕ್ಕೆ ಉಸಿರೆಳೆದಳು. ಅವರು ಗೋಡೆಗೆ ಅಂಟಿಕೊಂಡರು. ಆಮೇಲೆ ಅವಳು ಹಾಲಿನ ಮೆಟ್ಟಿಲ ಮೇಲೆ ನಿಂತು ಮೂಸಿದಳು.

"ಸಿಕ್ತು ಬುದ್ಧಿ. ಇಲ್ಲಿಂದ ಬರ್ತಿದೆ."

"ಏನಂದೆ?"

ಅವಳು ವಯರನ್ನು ಜಗ್ಗಿ ಪ್ಲಗ್ಗು ಕಿತ್ತಳು, ಕಾರಿನ ಕಿಟಕಿಯಿಂದ ಬಿಡಿಸಿ ಸುತ್ತಿಕೊಂಡಳು. ಮುಂದಿನ ಸೀಟಿನಿಂದ ಪೆಟ್ಟಿಗೆಯನ್ನು ಎತ್ತಿ ಸೊಂಟಕ್ಕೆ ಒರಗಿಸಿಕೊಂಡಳು, ಬಿಂದಿಗೆ ಹೊತ್ತ ಸೊಂಟ ಅದು. ಹಾಲಿನೊಳಗೆ ನಡೆದಳು. ನೆಲ ಒರೆಸುವುದಕ್ಕಲ್ಲದೆ ಅವಳು ಆ ಹಾಲಿಗೆ ಬಂದದ್ದೇ ಇಲ್ಲ. ಗಾಜಿನ ಮೇಜಿನ ಮೇಲಿದ್ದ ಹೂದಾನಿಯನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆ ಇಟ್ಟು, ಅದೇ ಸಾಕೆಟ್ಟಿಗೆ ಮತ್ತೆ ಪ್ಲಗ್ಗು ಹಾಕಿದಳು. ಮಿಷಿನ್ನಿನವನು ತಿರುಗಿಸಿದ ಗುಂಡಿಯನ್ನೇ ಕೊನೆಯವರೆಗೂ ತಿರುಗಿಸಿದಳು.

ಗುಂಯ್ ಎಂದದ್ದಕ್ಕೆ ಅಮ್ಮಾವ್ರು ಓಡಿ ಬಂದರು. "ಏನೇ ಇದು? ಹುಚ್ಚು ಹಿಡೀತಾ?"

"ಹೊರಗೆ ನಡೀರಿ ಅಮ್ಮಾವ್ರೇ. ಒಳಗೆ ಒಂದು ನೊಣಾನೂ ಇರಬಾರ್ದಂತೆ. ಎದೆ ಸುಟ್ಟೋಗತ್ತಂತೆ."

ಅಮ್ಮಾವ್ರು ಘಾಟಿಗೆ ಎರಡು ಸಲ ಕೆಮ್ಮಿ, ಬಾಯಿಗೆ ಬಟ್ಟೆ ಒತ್ತಿಕೊಂಡು, ಬಿದ್ದಂಬೀಳ ಹೊರಗೆ ಓಡಿದರು. ಬಾಗಿಲಲ್ಲಿದ್ದ ಯಜಮಾನರನ್ನೂ ನೂಕಿಕೊಂಡೇ ಹೋದರು. ಅವಳು ಆ ದೊಡ್ಡ ಗಾಜಿನ ಬಾಗಿಲನ್ನು ಹಾಕಿ ಚಿಲಕ ಸಿಕ್ಕಿಸಿದಳು. ಒಳಮನೆಯ ಬಾಗಿಲು ಹಾಕಿದಳು. ಕಿಟಕಿ ಎಳೆದಳು. ಒಂದು ಕಿಟಕಿಗೆ ಸಂದಿ ಉಳಿಯಿತು, ಅದಕ್ಕೆ ಸೋಫಾದ ದಿಂಬು ತುರುಕಿದಳು. ಆಮೇಲೆ ಸೋಫಾದ ನಟ್ಟನಡುವೆ, ಯಜಮಾನರು ಕೂರುವ ಜಾಗದಲ್ಲಿ, ಒದ್ದೆ ಬಟ್ಟೆಯಲ್ಲೇ ಕೂತಳು.

ಅದು ಮೆತ್ತಗಿತ್ತು. ಇಷ್ಟು ಮೆತ್ತಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಹೊರಗೆ ಯಜಮಾನರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಪೆಟ್ಟಿಗೆಯ ಮೊರೆತದಲ್ಲಿ ಏನೂ ಕೇಳುತ್ತಿರಲಿಲ್ಲ. ಕರೆಂಟು ತೆಗೀರಿ ಎನ್ನುತ್ತಿದ್ದರೋ ಏನೋ. ಮೇನ್ ಸ್ವಿಚ್ಚು ಒಳಗೇ, ಅವಳ ಬೆನ್ನ ಹಿಂದಿನ ಗೋಡೆಯಲ್ಲೇ ಇತ್ತು. ಮಿಷಿನ್ನಿನವನು ಎರಡೂ ಕೈ ಅಲ್ಲಾಡಿಸಿ, ತಾನು ಹೋಗಲಾರೆ ಎಂದು ಹಿಂದೆ ಸರಿದ. ಕಣ್ಣು ಉರಿಯಿತು. ಎದೆಯೊಳಗೆ ಯಾರೋ ಕಡ್ಡಿಪೊರಕೆಯಿಂದ ಗೀರಿದಂತೆ ಕೆಮ್ಮು ಎದ್ದಿತು. ಅವಳು ಬಗ್ಗಿ ಬಗ್ಗಿ ಕೆಮ್ಮಿದಳು. ಮತ್ತೆ ನೆಟ್ಟಗೆ ಕೂತಳು.

ಡ್ರೈವರಣ್ಣ ಗಾಜಿಗೆ ಎರಡೂ ಅಂಗೈ ಬಡಿಯುತ್ತಿದ್ದ. ಅಕ್ಕಾ ಎನ್ನುತ್ತಿದ್ದಾನೆಂದು ತುಟಿ ನೋಡಿಯೇ ತಿಳಿಯಿತು. ತೆಗೆಯಮ್ಮ, ತೆಗೆಯಮ್ಮ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವನು ಕಾಣೆಯಾದ. ಮತ್ತೆ ಬಂದಾಗ ಅವನ ಕೈಯಲ್ಲಿ ಹೂಕುಂಡದ ಬುಡಕ್ಕೆ ಇಟ್ಟಿದ್ದ ಕಲ್ಲೊಂದಿತ್ತು. ತಲೆಯ ಮೇಲಕ್ಕೆ ಎತ್ತಿದ.

ಯಜಮಾನರು ಹಾರಿ ಅವನ ತೋಳು ಹಿಡಿದರು. ಸ್ನಾನವಾದ ಮೈಯಲ್ಲೇ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದರು. ಇನ್ನೊಂದು ಕಡೆಯಿಂದ ಅಮ್ಮಾವ್ರೂ ಹಿಡಿದರು. ಯಜಮಾನರು ಏನೋ ಕಿರುಚುತ್ತಾ ಬೆರಳು ಮಾಡಿ ತೋರಿಸುತ್ತಿದ್ದರು. ನೀರು ತುಂಬಿದ ಕಣ್ಣನ್ನು ಒರೆಸಿಕೊಂಡು ಅವಳು ನೋಡಿದಳು. ಅವರು ತೋರಿಸುತ್ತಿದ್ದದ್ದು ಅವಳನ್ನಲ್ಲ, ಬಾಗಿಲಿನ ಗಾಜನ್ನು.

ಡ್ರೈವರಣ್ಣನ ಕೈಯಲ್ಲಿ ಕಲ್ಲು ಮೇಲೆಯೇ ಇತ್ತು. ಮೂವರೂ ಹಾಗೇ ಜಗ್ಗಾಡುತ್ತಿದ್ದರು.