ಶಿವು ಆರ್ಟ್ಸ್, ದಾವಣಗೆರೆ

ನಮ್ಮೆಜಮಾನ್ರು ರವಿಕಿರಣ್‌ಗೆ ಹೋದ ತಿಂಗಳಿಂದ ಕಲೆಯ ಹುಚ್ಚು ಹಿಡಿದಿದೆ. ಕೋವಿಡ್ ಮುಗಿದ ಮೇಲೆ ಮತ್ತೆ, ಅಮೆರಿಕದಲ್ಲಿ ನಾವಿರೋ ಫೋರ್ಟ್ ಮಿಲ್‌ನಿಂದ ಶಾರ್ಲೆಟ್ ಆಫೀಸಿಗೆ ದಿನಾ ಡ್ರೈವ್ ಮಾಡ್ತಾರೆ. ದಾರೀಲೇ ಇರೋ ಮ್ಯೂಸಿಯಂ ಕಡೆ ಒಂದು ದಿನ ತಲೆಯೆತ್ತಿ ನೋಡಿದೋರಲ್ಲ. ಬಾಸ್ ಅಲ್ಲಿ ಮೆಂಬರ್ ಅಂತ ಗೊತ್ತಾಯ್ತು ನೋಡಿ, ಮಾರನೇ ದಿನವೇ ಇವರೂ ಮೆಂಬರ್!

ಭಾನುವಾರ ನನ್ನನ್ನೂ ಹನ್ನೆರಡು ವರ್ಷದ ಮಗಳು ಶೀತಲ್‌ನನ್ನೂ ಎಳ್ಕೊಂಡು ಹೋದ್ರು. ಮೆಕ್ಸಿಕೋದ ಹಳೇ ದೆವ್ವದ ಸಿನಿಮಾಗಳ ಪೋಸ್ಟರ್ ಪ್ರದರ್ಶನ. ಗೋಡೆ ತುಂಬಾ ಹಲ್ಲು ಕಿರಿಯೋ ಅಸ್ಥಿಪಂಜರ, ಕತ್ತು ಹಿಸುಕೋಕೆ ಬರೋ ಕೈ, ಬಾಯಿಬಿಟ್ಟು ಕಿರುಚೋ ಹೆಂಗಸರು. ಕೆನ್ನೆ ಮೇಲೆ ಹಸಿರು ನೆರಳು, ಗದ್ದದ ಕೆಳಗೆ ನೀಲಿ. ಆ ಹಸಿರು ನಂಗೆ ಗೊತ್ತು.

ನಮ್ಮಪ್ಪ ಶಿವಬಸಪ್ಪ ದಾವಣಗೆರೆ ಟಾಕೀಸುಗಳಿಗೆ ಬ್ಯಾನರ್ ಬರೀತಿದ್ರು. ದೆವ್ವದ ಪಿಚ್ಚರ್ ಬಂತು ಅಂದ್ರೆ ಅಪ್ಪನೇ ಆಗಬೇಕು, ಅವರದೂ ಇದೇ ಹಸಿರು. ಕೊನೇಲಿ ಕೆಳಗಡೆ ‘ಶಿವು ಆರ್ಟ್ಸ್, ದಾವಣಗೆರೆ’ ಅಂತ ಬರೆದು, ಅದರಡಿ ಫೋನ್ ನಂಬರ್ ಹಾಕೋರು. ಅದಿಲ್ಲದೆ ಒಂದು ಬ್ಯಾನರೂ ನಮ್ಮ ಅಂಗಳ ದಾಟ್ತಿರಲಿಲ್ಲ. ನನ್ನ ಮದುವೆಗೂ ಬ್ಯಾನರ್ ಬಟ್ಟೆ ಮೇಲೆ, ನವಿಲಿನ ಪಕ್ಕ ನಿಂತ ಹತ್ತು ವರ್ಷದ ನನ್ನನ್ನೇ ಬರೆದುಕೊಟ್ರು. ಮಗಳಿಗೆ ಕೊಡೋ ಉಡುಗೊರೇಲೂ ಫೋನ್ ನಂಬರ್!

ನಮ್ಮೆಜಮಾನ್ರಿಗೆ ಮರ್ಯಾದೆ ಹೋಯ್ತಂತೆ. ‘ಅಂಗಡಿ ಬೋರ್ಡ್ ಥರ ಕಾಣುತ್ತೆ, ಬಂದೋರು ಏನಂತಾರೆ’ ಅಂತ ಫ್ರೇಮ್ ಹಾಕಿಸುವಾಗ ಕೆಳಗಿನ ನಾಲ್ಕು ಬೆರಳಗಲ ಬಟ್ಟೇನೇ ಕತ್ತರಿಸಿಬಿಟ್ರು. ಸ್ನೇಹಿತರ ಹತ್ರ, ಮಾವ ಬಿಸಿನೆಸ್ ಮಾಡ್ತಿದ್ರು ಅಂದ್ರು. ನಾನೂ ಬಾಯಿ ಮುಚ್ಕೊಂಡಿದ್ದೆ. ಅಪ್ಪ ಹೋಗಿ ಎಂಟು ವರ್ಷ ಆಯ್ತು, ಆ ಚಿತ್ರ ಯಾರು ಬರೆದದ್ದು ಅಂತ ಮಗಳಿಗೂ ಹೇಳಿರಲಿಲ್ಲ. ಅದಕ್ಕೆ ನನ್ನ ಮೇಲೂ ನಂಗೆ ಸಿಟ್ಟಿದೆ.

ಒಂದು ಪೋಸ್ಟರಿನ ಪಕ್ಕದ ಚೀಟೀಲಿ ‘ಕಲಾವಿದರ ಹೆಸರು ತಿಳಿದಿಲ್ಲ’ ಅಂತ ಇತ್ತು. ಇವರು ಅದರ ಮುಂದೆ ಕೈ ಕಟ್ಕೊಂಡು ನಿಂತ್ರು.

‘ನೋಡು ಶೀತಲ್, ಇಷ್ಟು ಚೆನ್ನಾಗಿ ಬರೆದೋನ ಹೆಸರನ್ನ ಯಾರೂ ಉಳಿಸಲಿಲ್ಲ. ಎಂಥ ಅನ್ಯಾಯ!’

ಇವರ ಮುಖಕ್ಕಿಷ್ಟು ಮಂಗಳಾರತಿ ಎತ್ತ!

ಶೀತಲ್ ನನ್ನ ತೋಳು ಜಗ್ಗಿದಳು. ‘ಅಮ್ಮಾ, ಲುಕ್, ಸೇಮ್ ಗ್ರೀನ್! ನಮ್ಮನೆ ಪೀಕಾಕ್ ಪೇಂಟಿಂಗ್ ಥರ!’

ಪಕ್ಕದಲ್ಲೇ ನೋಟ್‌ಬುಕ್ ಹಿಡಿದು ನಿಂತಿದ್ದ ಮ್ಯೂಸಿಯಂನ ಮಾರಿಸೋಲ್ ತಿರುಗಿ ನೋಡಿದಳು. ಪ್ರದರ್ಶನ ಜೋಡಿಸಿದವಳು ಅವಳೇ ಅಂತ ಕೊರಳಿನ ಬ್ಯಾಡ್ಜಲ್ಲಿತ್ತು. ಯಾವ ಪೇಂಟಿಂಗ್ ಅಂತ ಕೇಳಿದ್ದೇ ತಡ, ಇವರು ಫೋನ್ ತೆಗೆದು ಫೋಟೋ ತೋರಿಸಿದ್ರು. ಅವಳು ಅದನ್ನ ದೊಡ್ಡದು ಮಾಡಿ, ಸುಮಾರು ಹೊತ್ತು ನೋಡಿದಳು. ಇದು ಪಳಗಿದ ಕೈ, ಯಾರು ಬರೆದದ್ದು ಅಂದಳು.

ಇವರು ನನ್ನ ಕಡೆ ನೋಡಲಿಲ್ಲ. ‘ಅನ್‌ನೋನ್. ನಮ್ಮ ಕಡೆ ಪೇಂಟರ್‌ಗಳು ಸಹಿ ಹಾಕಲ್ಲ,’ ಅಂತ ಇಂಗ್ಲಿಷಲ್ಲಿ ಹೇಳಿದ್ರು.

ಸಹಿ ಹಾಕಲ್ವಂತೆ! ಮೈಯೆಲ್ಲ ಉರಿದುಹೋಯ್ತು.

ಮಾರಿಸೋಲ್ ಅದನ್ನೇ ಬರ್ಕೊಳ್ಳೋಕೆ ಹೊರಟಳು. ನಾನು ಅವಳ ಕೈಯಿಂದ ಪೆನ್ಸಿಲ್ ಇಸ್ಕೊಂಡೆ.

‘ಸೌಮ್ಯಾ, ಪ್ಲೀಸ್, ಇಲ್ಲಿ ಬೇಡ,’ ಅಂತ ಇವರು ಹಲ್ಲು ಕಚ್ಚಿ ಪಿಸುಗುಟ್ಟಿದ್ರು.

‘ಇಲ್ಲೇ ಬೇಕು ರೀ. ನೀವು ಕತ್ತರಿಸಿದ್ದನ್ನ ಎಲ್ಲಾದ್ರೂ ಬರೀಬೇಕಲ್ಲ,’ ಅಂದೆ.

ಅವಳ ನೋಟ್‌ಬುಕ್ಕಲ್ಲಿ, ಅಪ್ಪ ಬರೀತಿದ್ದ ಹಾಗೇ, ‘ಶಿ’ಯ ಗುಡಿಸು ದೊಡ್ಡದು ಮಾಡಿ ಬರೆದೆ. ಶಿವು ಆರ್ಟ್ಸ್, ದಾವಣಗೆರೆ. ಅದರಡಿ ಆ ಕಾಲದ ಐದಂಕಿಯ ಫೋನ್ ನಂಬರ್. ಒಂದಂಕಿ ತಪ್ಪಲಿಲ್ಲ.

ಶೀತಲ್ ಬಗ್ಗಿ ನೋಡಿದಳು. ‘ಯಾರ ನಂಬರ್ ಅಮ್ಮಾ? ಕಾಲ್ ಮಾಡ್ಬಹುದಾ?’

‘ನಿಮ್ಮ ತಾತಂದು ಕಣೇ,’ ಅಂದೆ. ‘ಈಗ ಯಾರೂ ಎತ್ತಲ್ಲ.’